ಮಕ್ಕಳನ್ನು ಮೊದಲ ಸಲ ಕುಸ್ತಿ ನೋಡಲು ಕರೆದುಕೊಂಡು ಹೋಗುವವರಿಗೆ

ಹೋದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ ಮಗನ ಶಾಲೆಯಿಂದ ಫೋನ್ ಬಂತು. ನಾಲ್ಕನೇ ಕ್ಲಾಸಿನ ನನ್ನ ಮಗ ಊಟದ ಬಿಡುವಿನಲ್ಲಿ ಜೊತೆಯ ಹುಡುಗನೊಬ್ಬನನ್ನು ಎತ್ತಿ ನೆಲಕ್ಕೆ ಹಾಕಿದ್ದ, ಟೀವಿಯ ರೆಸ್ಲಿಂಗ್‌ನಲ್ಲಿ ನೋಡಿದ ಹಾಗೆ. ಆ ಹುಡುಗನ ಕಾಲರ್ ಬೋನ್ ಬಿರುಕು ಬಿಟ್ಟಿತ್ತು. ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡು ಬಂದೆವು. ರಾತ್ರಿ ಮಗ ಅಳುತ್ತಾ ಹೇಳಿದ್ದು ಒಂದೇ ಮಾತು. "ಅವನು ಏಳ್ತಾನೆ ಅಂದ್ಕೊಂಡಿದ್ದೆ ಅಮ್ಮಾ. ಟೀವೀಲಿ ಎಲ್ರೂ ಏಳ್ತಾರಲ್ಲ."

ಸುತ್ತ ಹದಿನೈದು ಮಕ್ಕಳು ನಿಂತು "ಹಾಕು, ಹಾಕು" ಅಂತ ಕೂಗುತ್ತಿದ್ದರಂತೆ.

ನಮ್ಮಪ್ಪ ಮೈಸೂರಿನ ಹಳೇ ಪೈಲ್ವಾನರು. ಈಗ ಎಪ್ಪತ್ತಾರು ವರ್ಷ. ಎರಡೂ ಕಿವಿ ಮುದುಡಿ ಗಟ್ಟಿಯಾಗಿವೆ. ಎದುರಾಳಿಯ ತಲೆ, ತೋಳು ಉಜ್ಜಿ ಉಜ್ಜಿ ಆದ ಗುರುತು ಅದು. ಆ ಕಿವಿ ನೋಡಿದರೆ ಸಾಕು, ಗರಡಿಯವರು ಯಾರು ಅಂತ ಊರಿನಲ್ಲಿ ಗೊತ್ತಾಗಿಬಿಡುತ್ತದೆ. ಅಪ್ಪ ಮೊಮ್ಮಗನಿಗೆ ಚೆನ್ನಾಗಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಅಲ್ಲಿ ನಿಲ್ಸೋರು ಯಾರಿದ್ರು ಮಗಾ?" ಯಾರೂ ಇರಲಿಲ್ಲ ಅಂದ. "ಹಂಗಾದ್ರೆ ಅದು ಕುಸ್ತಿ ಅಲ್ಲ. ದಸರಾ ಬರ್ಲಿ, ತೋರಿಸ್ತೀನಿ."

ಆ ದಸರಾದಲ್ಲಿ ಮೂರು ದಿನ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದೆವು. ನನ್ನ ಹಾಗೆ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ, ಏನು ಮಾಡಿದೆವು, ಏನು ಮಾಡಬೇಕಿತ್ತು ಅನ್ನುವುದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಟೀವಿಯ ಮಾತು ಮುಗಿಸಿ

ಅಖಾಡಕ್ಕೆ ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸ ಇದೆ. ಟೀವಿ ರೆಸ್ಲಿಂಗ್ ನಿಷೇಧ ಮಾಡಬೇಡಿ. ನಾನು ಒಂದು ವಾರ ಮಾಡಿ ನೋಡಿದೆ, ಅವನು ಪಕ್ಕದ ಮನೆಯಲ್ಲಿ ನೋಡಿದ. ನಮ್ಮ ಕಾಲದಲ್ಲೂ ಇತ್ತಲ್ಲ. 90ರ ದಶಕದಲ್ಲಿ ನನ್ನ ತಮ್ಮ ಆ ಪೈಲ್ವಾನರ ಟ್ರಂಪ್ ಕಾರ್ಡ್‌ಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಅದರ ಬದಲು ಮಗುವಿನ ಪಕ್ಕ ಕೂತು ಒಂದು ಪಂದ್ಯ ಪೂರ್ತಿ ನೋಡಿ. ನೋಡುತ್ತಾ ಅಪ್ಪನ ಪ್ರಶ್ನೆಯನ್ನೇ ಕೇಳಿ: ಇಲ್ಲಿ ನಿಲ್ಲಿಸುವವರು ಯಾರು?

ರೆಫ್ರಿ ಇದ್ದಾನಲ್ಲ ಅಂತ ಮಗು ಹೇಳುತ್ತದೆ. ಆ ರೆಫ್ರಿಯೂ ಕಥೆಯ ಒಬ್ಬ ಪಾತ್ರಧಾರಿ ಅಂತ ತಿಳಿಸಿ. ಇದು ನಾವು ಊಹಿಸಿ ಹೇಳುವ ಮಾತಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಈ ಟೀವಿ ರೆಸ್ಲಿಂಗ್ ನಡೆಸುವ, ಆಗ ಡಬ್ಲ್ಯುಡಬ್ಲ್ಯುಎಫ್ ಅನ್ನುತ್ತಿದ್ದ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯವರೇ ಇದು ಮನರಂಜನೆ, ಕ್ರೀಡಾ ಸ್ಪರ್ಧೆ ಅಲ್ಲ ಅಂತ ಒಪ್ಪಿಕೊಂಡರು. ಬಾಕ್ಸಿಂಗ್‌ನಂಥ ಆಟಗಳಿಗೆ ಇರುವ ಸರ್ಕಾರಿ ಕಟ್ಟುಪಾಡು ತಮಗೆ ಬೇಡ ಅನ್ನುವುದು ಅವರ ಉದ್ದೇಶವಾಗಿತ್ತು. ಗೆಲ್ಲುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಎತ್ತುವವನಿಗೆ ಬೀಳುವವನೂ ಸಹಾಯ ಮಾಡುತ್ತಾನೆ, ಅವನೂ ಕಾಲು ಒತ್ತಿ ಮೇಲಕ್ಕೆ ಹಾರುತ್ತಾನೆ. ನಿಧಾನವಾಗಿ ಓಡಿಸಿ ತೋರಿಸಿದಾಗ ನನ್ನ ಮಗನಿಗೆ ಇದು ಕಂಡಿತು. ಅವನು ಶಾಲೆಯಲ್ಲಿ ಎತ್ತಿದ ಹುಡುಗ ಹಾರಿರಲಿಲ್ಲ.

ಹಾಗಂತ "ಎಲ್ಲಾ ಸುಳ್ಳು" ಅಂದುಬಿಡಬೇಡಿ. ಸೋಲು ಗೆಲುವು ಬರೆದಿಟ್ಟದ್ದು, ಆದರೆ ಬೀಳುವುದು ನಿಜ, ನೋವು ನಿಜ. 1999ರ ಮೇ ತಿಂಗಳಲ್ಲಿ ಕಾನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಎಂಬ ಆಟಗಾರ ಛಾವಣಿಯಿಂದ ರಿಂಗಿಗೆ ಇಳಿದು ಬರುವ ದೃಶ್ಯಕ್ಕಾಗಿ ಮೇಲಿಂದ ಇಳಿಯುವಾಗ ಬಿದ್ದು ತೀರಿಕೊಂಡ. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೂ ಅವತ್ತಿನ ಉಳಿದ ಪಂದ್ಯಗಳು ನಡೆದವು. ಇದನ್ನು ಮಗನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಹೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದು, "ಯಾಕೆ ನಿಲ್ಲಿಸಲಿಲ್ಲ?" ಅಂತ ಕೇಳಿದ. ನಿಮ್ಮ ಮಗುವಿನ ವಯಸ್ಸು, ಮನಸ್ಸು ನೋಡಿಕೊಂಡು ನೀವೇ ತೀರ್ಮಾನ ಮಾಡಿ.

ಸಿನಿಮಾ ಫೈಟ್ ವಿಷಯ ಇಷ್ಟು ಕಷ್ಟ ಅಲ್ಲ. ಹಗ್ಗ ಕಟ್ಟಿ ಎಳೆಯುತ್ತಾರೆ, ಏಟಿನ ಶಬ್ದ ಆಮೇಲೆ ಸೇರಿಸುತ್ತಾರೆ ಅಂತ ಈಗಿನ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಖಾಡಕ್ಕಿಂತ ಮುಂಚೆ ಗರಡಿ

ನೇರವಾಗಿ ಅಖಾಡಕ್ಕೆ ಹೋಗಬೇಡಿ, ಒಂದು ಗರಡಿ ಮನೆಯನ್ನು ಮೊದಲೇ ತೋರಿಸಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಇನ್ನೂ ಗರಡಿಗಳಿವೆ. ಸುಮ್ನೆ ನುಗ್ಗಬೇಡಿ. ಹಿಂದಿನ ದಿನ ಹೋಗಿ ಉಸ್ತಾದರನ್ನು, ಅಂದರೆ ಗರಡಿಯ ಗುರುಗಳನ್ನು ಕೇಳಿ, ಅವರು ಹೇಳಿದ ಹೊತ್ತಿಗೆ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು. ಹಳೇ ಗರಡಿಗಳ ಬಾಗಿಲು ಚಿಕ್ಕದು, ದೊಡ್ಡವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆಗಳು, ಕಲ್ಲುಗುಂಡು, ನಡುವೆ ಕೆಂಪು ಮಣ್ಣು. ಅದನ್ನು ಮಟ್ಟಿ ಅನ್ನುತ್ತಾರೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ ಎಲ್ಲ ಬೆರೆಸಿರುತ್ತಾರೆ. ಗರಡಿಗೊಂದು ಅಳತೆ. ಮಗುವಿಗೆ ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿಯಲು ಬಿಡಿ. ಅದರ ವಾಸನೆ ಮರೆಯುವುದಿಲ್ಲ. ಅಪ್ಪ ಬೆಳಿಗ್ಗೆ ಸಾಮು ಮುಗಿಸಿ ಮನೆಗೆ ಬಂದಾಗ ಬರುತ್ತಿದ್ದ ವಾಸನೆ ಅದು. ನನಗೆ ಇವತ್ತಿಗೂ ಅದು ಅಪ್ಪನ ವಾಸನೆಯೇ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ನಾನು ಚಿಕ್ಕವಳಿದ್ದಾಗ ಹೆಣ್ಣುಮಕ್ಕಳನ್ನು ಗರಡಿಯ ಒಳಗೆ ಬಿಡುತ್ತಿರಲಿಲ್ಲ. ಅಪ್ಪನಿಗೆ ಬಾದಾಮಿ ಹಾಲಿನ ಚೊಂಬು ತೆಗೆದುಕೊಂಡು ಹೋಗಿ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಕೆಲವು ಗರಡಿಗಳಲ್ಲಿ ಇವತ್ತಿಗೂ ಹಾಗೇ ಇದೆ. ಮಗಳಿದ್ದರೆ ಮೊದಲೇ ವಿಚಾರಿಸಿಕೊಂಡು ಹೋಗಿ. ಬಾಗಿಲಲ್ಲಿ ನಿಲ್ಲಿಸಿದರೆ ಆ ನೋವು ಏನು ಅಂತ ನನಗೆ ಗೊತ್ತು.

ಗರಡಿಯಲ್ಲಿ ಮಗು ಗಮನಿಸಬೇಕಾದ್ದು ಹೊಸ ಹುಡುಗರನ್ನು. ಅವರಿಗೆ ಮೊದಲು ಹಾಕುವುದನ್ನು ಕಲಿಸುವುದಿಲ್ಲ. ದಂಡ, ಬಸ್ಕಿ, ಮಟ್ಟಿ ಅಗೆದು ಹದ ಮಾಡುವುದು, ಆಮೇಲೆ ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ಬಡಿಯದ ಹಾಗೆ ಬೀಳುವುದು. ನನ್ನ ಮಗ ಇದನ್ನು ಅರ್ಧ ಗಂಟೆ ನೋಡಿದ.

ಅಖಾಡದಲ್ಲಿ

ಮೈಸೂರು ದಸರಾ ಕುಸ್ತಿ ದೊಡ್ಡಕೆರೆ ಮೈದಾನದ ಹತ್ತಿರ, ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಶುರು. ಆ ವರ್ಷದ ದಿನ, ಹೊತ್ತು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಬಿಸಿಲು ಜೋರಿರುತ್ತದೆ, ಟೋಪಿ, ನೀರು ಬೇಕು. ತೀರಾ ಮುಂದೆ ಕೂರಬೇಡಿ. ಸ್ವಲ್ಪ ಎತ್ತರದಲ್ಲಿ, ವಯಸ್ಸಾದವರು ಗುಂಪಾಗಿ ಕೂತಿರುವ ಕಡೆ ಜಾಗ ಹಿಡಿಯಿರಿ. ಅಲ್ಲಿ ಮುದುಡಿದ ಕಿವಿಯವರು ಸಿಗುತ್ತಾರೆ. "ಯಜಮಾನ್ರೇ, ಮಗೂಗೆ ಸ್ವಲ್ಪ ಹೇಳಿ" ಅಂದರೆ ಸಾಕು, ಸಂಜೆಯವರೆಗೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಪಕ್ಕದಲ್ಲಿ ಬಾಜಿ ಕಟ್ಟುವವರು ಕಂಡರೆ ಎದ್ದು ಬೇರೆ ಕಡೆ ಹೋಗಿ.

ಮಗುವಿಗೆ ಮೊದಲು ಹೇಳಬೇಕಾದ್ದು ಜೋಡಿಯ ವಿಷಯ. ದಸರಾ ಕುಸ್ತಿಗೆ ಕೆಲವು ದಿನ ಮುಂಚೆಯೇ ಜೋಡಿ ಕಟ್ಟುತ್ತಾರೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯರು ಮೈಕಟ್ಟು, ತೂಕ, ವಯಸ್ಸು, ಹಿಂದಿನ ಕುಸ್ತಿಗಳನ್ನೆಲ್ಲ ನೋಡಿ ಯಾರಿಗೆ ಯಾರು ಅಂತ ಗೊತ್ತು ಮಾಡುತ್ತಾರೆ. ಇಬ್ಬರೂ ಒಪ್ಪಬೇಕು. ಅಂದರೆ ನಿಲ್ಲಿಸುವ ಕೆಲಸ ಕುಸ್ತಿ ಶುರುವಾಗುವ ಮುಂಚೆಯೇ ಶುರುವಾಗಿರುತ್ತದೆ, ಸರಿಯಲ್ಲದ ಜೋಡಿ ಅಖಾಡಕ್ಕೆ ಬರುವುದೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಈ ಕೆಲಸವನ್ನು ತಕ್ಕಡಿ ಮಾಡುತ್ತದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದ್ದ ನಮ್ಮ ದೇಶದ ಕುಸ್ತಿಪಟು ವಿನೇಶ್ ಫೋಗಟ್ 50 ಕಿಲೋ ಮಿತಿಗಿಂತ 100 ಗ್ರಾಂ ಜಾಸ್ತಿ ಇದ್ದುದಕ್ಕೆ ಹೊರಗೆ ಉಳಿಯಬೇಕಾಯಿತು. ಅವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಮಾತ್ರ "ತೂಕ ಅಂದ್ರೆ ತೂಕ" ಅಂದರು, ಅಂದು ಎದ್ದು ಹೊರಗೆ ಹೋದರು.

ನನ್ನ ಮಗ ತನಗಿಂತ ಆರು ಕಿಲೋ ಕಡಿಮೆ ಇರುವ ಹುಡುಗನನ್ನು ಎತ್ತಿದ್ದ. ಇದನ್ನು ನಾನು ಅವನಿಗೆ ಹೇಳಲಿಲ್ಲ. ಜೋಡಿಯ ಮಾತು ಕೇಳಿದ ಮೇಲೆ ಅವನೇ ಲೆಕ್ಕ ಹಾಕಿದ.

ಈಗ ಕುಸ್ತಿ. ದಸರಾದಲ್ಲಿ ಎರಡು ಥರ ನೋಡುತ್ತೀರಿ. ಮಣ್ಣಿನ ಮೇಲೆ ನಾಡಕುಸ್ತಿ, ಮ್ಯಾಟ್ ಮೇಲೆ ಪಾಯಿಂಟ್ ಕುಸ್ತಿ. ಮ್ಯಾಟ್ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು. ಹೊರಗೆ ತಳ್ಳಿದರೆ 1, ಕೆಡವಿ ಹಿಡಿತಕ್ಕೆ ತಂದುಕೊಂಡರೆ 2, ಎತ್ತಿ ದೊಡ್ಡದಾಗಿ ಒಗೆದರೆ 4 ಅಥವಾ 5 ಪಾಯಿಂಟ್. ಮ್ಯಾಟ್ ಕುಸ್ತಿಯ ಒಂದು ಬಗೆಯಾದ ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಅಂತರ ಆಯಿತು ಅಂದರೆ ಆಟ ಅಲ್ಲಿಗೇ ಮುಗಿಯಿತು. ಗುದ್ದುವುದು, ಕಚ್ಚುವುದು, ಕತ್ತು ಹಿಸುಕುವುದು, ಬೆರಳು ತಿರುಚುವುದು ಯಾವುದೂ ಇಲ್ಲ. ಇಷ್ಟು ಹೇಳಿಕೊಟ್ಟರೆ ಮಗುವೇ ಪಾಯಿಂಟ್ ಎಣಿಸಲು ಶುರು ಮಾಡುತ್ತದೆ.

ನಾಡಕುಸ್ತಿಗೆ ಕಣ್ಣು ಬೇಕು. ಪೈಲ್ವಾನ್ ಬಂದವನೇ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಇಂಥ ಗರಡಿ, ಇಂಥ ಉಸ್ತಾದರ ಶಿಷ್ಯ ಅಂತ ಮೈಕಿನಲ್ಲಿ ಕೂಗುತ್ತಾರೆ. ತೊಡೆ ತಟ್ಟಿ ಕೈ ಮಿಲಾಯಿಸುತ್ತಾರೆ. ಎದುರಾಳಿಯ ಮೈಗೆ ಮಣ್ಣು ಎರಚುವುದನ್ನು ನೋಡಿ ನನ್ನ ಮಗಳು ಜಗಳ ಅಂದುಕೊಂಡಳು. ಅಲ್ಲ, ಬೆವರಿದ ಮೈ ಜಾರುತ್ತದೆ, ಮಣ್ಣು ಇದ್ದರೆ ಹಿಡಿತ ಸಿಗುತ್ತದೆ. ಆಮೇಲೆ ಮಗುವಿಗೆ ಒಂದೇ ಗುರುತು ಹೇಳಿಕೊಡಿ: ಎರಡೂ ಭುಜ ನೆಲ ಮುಟ್ಟಿದರೆ ಚಿತ್. ಒಂದು ಭುಜ ಸಾಲದು. ಹೊಟ್ಟೆಯ ಮೇಲೆ ಬಿದ್ದರೆ ಸೋತ ಹಾಗಲ್ಲ.

ಪಟ್ಟುಗಳಲ್ಲಿ ಮೊದಲ ದಿನ ಎರಡು ಮೂರು ಗುರುತಿಸಿದರೆ ಸಾಕು. ಧೋಬಿ ಪಛಾಡ್ ಎಲ್ಲರಿಗೂ ಕಾಣುತ್ತದೆ. ಅಗಸರು ಬಟ್ಟೆಯನ್ನು ಕಲ್ಲಿಗೆ ಬಡಿಯುವ ಹಾಗೆ ತೋಳು ಹಿಡಿದು ಭುಜದ ಮೇಲಿಂದ ಒಗೆಯುವುದು. ಟಾಂಗ್ ಅಂದರೆ ಕಾಲು ಸಿಕ್ಕಿಸಿ ಕೆಡವುವುದು. ಕಲಾಜಂಗ್‌ನಲ್ಲಿ ಎದುರಾಳಿಯ ಕೆಳಗೆ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತು ಆಚೆ ಬದಿಗೆ ಉರುಳಿಸುತ್ತಾರೆ. ಇಲ್ಲಿ ನಿಧಾನವಾಗಿ ನೋಡಿ. ಒಗೆದ ಪೈಲ್ವಾನ್ ಎದುರಾಳಿಯ ತೋಳನ್ನು ಬಿಡುವುದಿಲ್ಲ. ಅವನ ಜೊತೆಗೇ ನೆಲಕ್ಕೆ ಬರುತ್ತಾನೆ. ಗೆಲುವು ಬೇಕಾದರೆ ಹಿಡಿತ ಬಿಡಬಾರದು, ಹಿಡಿತ ಬಿಡದಿದ್ದರೆ ಬೀಳುವವನ ತಲೆಯೂ ನೆಲಕ್ಕೆ ಅಪ್ಪಳಿಸುವುದು ಕಡಿಮೆ. ಅಪ್ಪ ಇದನ್ನು ತೋರಿಸಿದ ಮೇಲೆ ನನ್ನ ಮಗ ಪ್ರತಿ ಕುಸ್ತಿಯಲ್ಲೂ ಗೆದ್ದವನ ಕೈಯನ್ನೇ ನೋಡುತ್ತಿದ್ದ.

ನಿಲ್ಲಿಸುವವರನ್ನೂ ತೋರಿಸಿ. ಮಟ್ಟಿಯ ಮೇಲೆ ತೀರ್ಪುಗಾರರು ಬಗ್ಗಿ, ಮಂಡಿಯೂರಿ, ಭುಜವನ್ನೇ ನೋಡುತ್ತಾ ಸುತ್ತುತ್ತಿರುತ್ತಾರೆ. ಭುಜ ಎರಡೂ ಮುಟ್ಟಿದ ಕ್ಷಣ ಗೆದ್ದವನ ಬೆನ್ನು ತಟ್ಟುತ್ತಾರೆ. ಆ ತಟ್ಟು ಬಿದ್ದ ಕೂಡಲೇ ಅಷ್ಟು ಹೊತ್ತಿನ ಬಿಗಿ ಎಲ್ಲ ಒಮ್ಮೆಗೆ ಸಡಿಲವಾಗುತ್ತದೆ. ಕೆಳಗೆ ಬಿದ್ದವನಿಗೆ ಮೇಲಿದ್ದವನೇ ಕೈ ಕೊಟ್ಟು ಎಬ್ಬಿಸುತ್ತಾನೆ.

ಬೋರ್ ಆಗುತ್ತಿದೆ ಅಂತ ಮಗು ಒಮ್ಮೆ ಹೇಳಿಯೇ ಹೇಳುತ್ತದೆ. ಇಬ್ಬರು ಸಮಬಲರು ಸಿಕ್ಕರೆ ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿಕೊಂಡು ನಿಮಿಷಗಟ್ಟಲೆ ನಿಂತೇ ಇರುತ್ತಾರೆ. ಆಗ ಬ್ರಿಟಿಷರ ಕಾಲದ ಭಾರತದ ಹೆಸರಾಂತ ಗಾಮಾ ಪೈಲ್ವಾನನ ಕಥೆ ಹೇಳಿ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝ್‌ಬಿಸ್ಕೊ ಎಂಬ ಭಾರಿ ಪೈಲ್ವಾನ್ ಗಾಮಾನ ಎದುರು ಎರಡೂವರೆ ಗಂಟೆಗಿಂತ ಜಾಸ್ತಿ ಹೊತ್ತು ಹೊಟ್ಟೆ ನೆಲಕ್ಕೆ ಕಚ್ಚಿಕೊಂಡು ಸೋಲು ತಪ್ಪಿಸಿಕೊಂಡ. ಕುಸ್ತಿ ಸಮ ಆಯಿತು. ಹದಿನೆಂಟು ವರ್ಷ ಆದ ಮೇಲೆ, 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಗಾಮಾ ಒಂದು ನಿಮಿಷದೊಳಗೆ ಮುಗಿಸಿದ. ಈ ಕಥೆ ಹೇಳಿ ಮುಗಿಸುವಷ್ಟರಲ್ಲಿ ಎದುರಿನ ಜೋಡಿಯಲ್ಲಿ ಯಾರಾದರೂ ಅಲುಗಿರುತ್ತಾರೆ.

ಕೂಗುವುದು ಹೇಗೆ ಅಂತಲೂ ಕಲಿಸಿ. ಅಖಾಡದಲ್ಲಿ ಜನ ಸುಮ್ಮನೆ ಕೂರುವುದಿಲ್ಲ, ಕೂರಬಾರದು ಕೂಡ. ಒಳ್ಳೆಯ ಪಟ್ಟಿಗೆ "ಶಾಭಾಷ್" ಅನ್ನಿ, ಯಾರದ್ದಾದರೂ ಸರಿ. ತಪ್ಪಿಸಿಕೊಂಡವನಿಗೆ ಇನ್ನೂ ಜೋರಾಗಿ ಅನ್ನಿ. ಶಾಲೆಯಲ್ಲಿ "ಹಾಕು, ಹಾಕು" ಅಂದ ಆ ಹದಿನೈದು ಮಕ್ಕಳ ಮೇಲೆ ನನಗೆ ಕೋಪ ಇತ್ತು. ಅಖಾಡದಲ್ಲಿ ಕೂತ ಮೇಲೆ ಅನ್ನಿಸಿತು, ನೋಡುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹತ್ತು ರೂಪಾಯಿ ನೋಟು

ಇದು ಮರೆಯಬೇಡಿ. ಮಗುವಿನ ಕೈಗೆ ಹತ್ತು ರೂಪಾಯಿಯ ಎರಡು ನೋಟು ಕೊಡಿ. ನಾಡಕುಸ್ತಿಯಲ್ಲಿ ಗೆದ್ದವರು ಅಖಾಡದ ಸುತ್ತ ಬರುತ್ತಾರೆ, ಜನ ಕೈಲಾದಷ್ಟು ಕೊಡುತ್ತಾರೆ. ಒಂದು ನೋಟು ಅವರಿಗೆ. ಇನ್ನೊಂದು, ಚೆನ್ನಾಗಿ ಆಡಿ ಸೋತವರಿಗೆ. ಅಪ್ಪ ತಮ್ಮ ಕಾಲದಲ್ಲಿ ಸೋತ ದಿನ ಯಾರೋ ಒಬ್ಬರು ಹಿಂದೆಯೇ ಬಂದು ಎರಡು ರೂಪಾಯಿ ಕೊಟ್ಟು, "ಕತ್ತು ಚೆನ್ನಾಗಿದೆ, ಕಾಲು ಗಟ್ಟಿ ಮಾಡ್ಕೋ" ಅಂದಿದ್ದರಂತೆ. ಗೆದ್ದ ದಿನದ ದುಡ್ಡು ಎಷ್ಟು ಅಂತ ಅಪ್ಪನಿಗೆ ನೆನಪಿಲ್ಲ. ಆ ಎರಡು ರೂಪಾಯಿ ನೆನಪಿದೆ.

ನನ್ನ ಮಗ ಸೋತವರ ಹತ್ತಿರ ಹೋಗಲು ನಾಚಿಕೊಂಡ. ಅವನ ಅಕ್ಕ ಕೈ ಹಿಡಿದು ಎಳೆದುಕೊಂಡು ಹೋದಳು. ಇಪ್ಪತ್ತರ ಆಸುಪಾಸಿನ ಆ ಹುಡುಗ ಇನ್ನೂ ಏದುಸಿರು ಬಿಡುತ್ತಿದ್ದ. ನೋಟು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು, ಮಣ್ಣಾದ ಕೈಯನ್ನು ನನ್ನ ಮಗನ ತಲೆಯ ಮೇಲೆ ಇಟ್ಟ.

ಮಗಳಿದ್ದರೆ

ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಇರುತ್ತದೆ. ಗಂಡಸರಿಗೆ ದಸರಾ ಕಂಠೀರವ, ದಸರಾ ಕೇಸರಿ ಬಿರುದು ಇರುವ ಹಾಗೆ ಇವರಿಗೆ ದಸರಾ ಕಿಶೋರಿ. ಮಗಳಿರಲಿ, ಮಗನಿರಲಿ, ಆ ದಿನ ತಪ್ಪಿಸಬೇಡಿ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಾಗ ನನ್ನ ಮಗಳು ಇನ್ನೂ ತೊಡೆಯ ಮೇಲಿನ ಮಗು. ಒಲಿಂಪಿಕ್ಸ್ ಕುಸ್ತಿಯಲ್ಲಿ ನಮ್ಮ ದೇಶದ ಹೆಣ್ಣುಮಗಳಿಗೆ ಸಿಕ್ಕ ಮೊದಲ ಪದಕ ಅದು. ಹೋದ ದಸರಾದಲ್ಲಿ ಮಗಳು ಹುಡುಗಿಯರ ಕುಸ್ತಿ ನೋಡುತ್ತಾ ಕುರ್ಚಿಯ ಅಂಚಿಗೆ ಬಂದಿದ್ದಳು. ಅಪ್ಪ ನನ್ನ ಕಡೆ ತಿರುಗಿ, "ನಿನ್ನನ್ನ ಬಾಗಿಲಲ್ಲೇ ನಿಲ್ಲಿಸಿದ್ದು ತಪ್ಪಾಯ್ತು" ಅಂದರು. ಈ ಮಾತು ಕೇಳಲು ಮೂವತ್ತೈದು ವರ್ಷ ಕಾದಿದ್ದೇನೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ವಜ್ರಮುಷ್ಟಿ ತೋರಿಸಬೇಕಾ?

ತುಂಬಾ ಜನ ಕೇಳುವ ಪ್ರಶ್ನೆ. ವಿಜಯದಶಮಿಯ ದಿನ ಜಂಬೂ ಸವಾರಿಗೆ ಮುಂಚೆ ಅರಮನೆಯ ಒಳಗೆ ನಡೆಯುವ ಜಟ್ಟಿಗಳ ಕಾಳಗವೇ ವಜ್ರಮುಷ್ಟಿ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದಿಂದ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿರುತ್ತಾರೆ, ಬೆರಳುಗಳಿಗೆ ಮೊನೆಯುಳ್ಳ ಆಯುಧ ತೊಟ್ಟಿರುತ್ತಾರೆ. ಒಬ್ಬರ ತಲೆಯಲ್ಲಿ ರಕ್ತ ಕಂಡ ತಕ್ಷಣ ಕಾಳಗ ನಿಲ್ಲಿಸುತ್ತಾರೆ. ಎಷ್ಟೋ ಸಲ ನಿಮಿಷವೂ ಆಗುವುದಿಲ್ಲ. ಅರಮನೆಯ ಒಳಗೆ ಎಲ್ಲರಿಗೂ ಜಾಗ ಸಿಗುವುದಿಲ್ಲ, ಜನ ಟೀವಿಯಲ್ಲೇ ನೋಡುವುದು ಜಾಸ್ತಿ.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಚಿಕ್ಕ ಮಕ್ಕಳ ಕಣ್ಣಿಗೆ ರಕ್ತ ಮಾತ್ರ ಕಾಣುತ್ತದೆ, ನಿಲ್ಲಿಸಿದ ಕೈ ಕಾಣುವುದಿಲ್ಲ. ಮಗಳಿಗೆ ತೋರಿಸಿದೆ, ಮಗನಿಗೆ ಇನ್ನೂ ಇಲ್ಲ.

ಮನೆಗೆ ಬಂದ ಮೇಲೆ

ಮಕ್ಕಳು ಆಡಿಯೇ ಆಡುತ್ತಾರೆ. ಬೇಡ ಅಂದರೆ ನೀವಿಲ್ಲದಾಗ ಆಡುತ್ತಾರೆ. ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲಕ್ಕೆ ಹಾಕಿ, ಸುತ್ತಲಿನ ಕುರ್ಚಿ, ಟೀಪಾಯಿ ತೆಗೆಯಿರಿ. ನಿಂತು ಎತ್ತುವುದು ಇಲ್ಲ, ಮಂಡಿಯೂರಿಯೇ ಆಡಬೇಕು. ಕತ್ತು, ಬೆರಳು, ಕೂದಲು ಮುಟ್ಟುವ ಹಾಗಿಲ್ಲ. "ಸಾಕು" ಅಂದರೆ ಅಥವಾ ಎರಡು ಸಲ ತಟ್ಟಿದರೆ ಆ ಕ್ಷಣ ಬಿಡಬೇಕು. ತಮಾಷೆಗೆ "ಸಾಕು" ಅಂದರೂ ಬಿಡಬೇಕು. ದೊಡ್ಡವರು ಒಬ್ಬರು ಪಕ್ಕದಲ್ಲಿ ಇರಲೇಬೇಕು, ಫೋನ್ ನೋಡುತ್ತಾ ಅಲ್ಲ.

ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದು. ಮೊದಲ ಎರಡು ವಾರ ಬೀಳುವುದನ್ನು ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ಆಮೇಲೆ ಸರದಿ ಹಾಕಿದರು. ಇಬ್ಬರು ಆಡಿದರೆ ಮೂರನೆಯವರು ತೀರ್ಪುಗಾರರು, ಬಗ್ಗಿ ಭುಜ ನೋಡಬೇಕು, ಬೆನ್ನು ತಟ್ಟಬೇಕು. ನನ್ನ ಮಗನಿಗೆ ಈಗ ಆಡುವುದಕ್ಕಿಂತ ಇದೇ ಇಷ್ಟ.

ಶಾಲೆಯ ಆ ಹುಡುಗನ ಮೂಳೆ ಎರಡು ತಿಂಗಳಲ್ಲಿ ಕೂಡಿತು. ಅವನ ಅಮ್ಮ ಮೊದಮೊದಲು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಮಾತಾಡುತ್ತಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಒಳಗೆ ಕರೆದರು. ಹೋದ ವಾರ ಫೋನ್ ಮಾಡಿ, ಈ ಸಲ ದಸರಾಗೆ ಅವನೂ ಬರುತ್ತಾನಂತೆ, ಕರೆದುಕೊಂಡು ಹೋಗುತ್ತೀರಾ ಅಂತ ಕೇಳಿದರು. ಟೋಪಿ ಒಂದು ಜಾಸ್ತಿ ತೆಗೆದಿಟ್ಟಿದ್ದೇನೆ. ಹತ್ತು ರೂಪಾಯಿ ನೋಟು ಆರು ಬೇಕು.